ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್ ಹಾಕಿದ ಮೇಲೆ ಗುರಿ ನಿಲ್ಲುತ್ತಿಲ್ಲ. ಸ್ಕೋಪ್ ಬದಲಿಸಬೇಕಾ?

ಕಾಫಿತೋಟದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ಹೋದ ವರ್ಷ ಒಂದು .177 (ನಾಲ್ಕೂವರೆ ಮಿಲಿಮೀಟರ್ ಪೆಲೆಟ್, ಅಂದರೆ ಸಣ್ಣ ಗುಂಡಿನ) ಏರ್ ರೈಫಲ್ ತಗೊಂಡೆ. ಬ್ಯಾರಲ್ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಗನ್. ಲೈಸೆನ್ಸ್ ಬೇಡದ ಮಾಮೂಲಿ ಕ್ಲಾಸು. ಓಪನ್ ಸೈಟ್‌ನಲ್ಲಿ ತಕ್ಕಮಟ್ಟಿಗೆ ಹೊಡೆಯುತ್ತಿದ್ದೆ. ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ನಮ್ಮ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವಲ್ಲ, ಕೆಲವು ಕಡೆ ಏರ್ ಗನ್‌ನವರಿಗೂ ಬೇರೆ ವಿಭಾಗ ಇಡುತ್ತಾರೆ. ಗುರಿಗೆ ಮೊಟ್ಟೆ ಇಡುತ್ತಾರೆ. ಈ ಸಲ ಅದರಲ್ಲಿ ಭಾಗವಹಿಸಬೇಕು ಅಂತ ಸ್ಕೋಪ್ ಹಾಕಿಸಿದೆ.

ತೊಂದರೆ ಅಲ್ಲಿಂದಲೇ ಶುರು. ಸ್ಕೋಪು 3-9×40, ಅಂದರೆ 3ರಿಂದ 9 ಪಟ್ಟು ಜೂಮ್, ಮುಂದಿನ ಗಾಜು 40 ಮಿಲಿಮೀಟರ್. ಅಂಗಡಿಯವರು ಸ್ಕೋಪ್ ಹಿಡಿದುಕೊಳ್ಳುವ ಎರಡು ಬಿಡಿ ರಿಂಗ್ ಫ್ರೀ ಕೊಟ್ಟು ಅಲ್ಲೇ ಕೂರಿಸಿ ಕೊಟ್ಟರು. ಮೊದಲ ದಿನ 20 ಮೀಟರಿನಲ್ಲಿ ಪೆಲೆಟ್‌ಗಳು ಒಂದರ ಪಕ್ಕ ಒಂದು ಬಿದ್ದವು, ಖುಷಿಯಾಯಿತು. ಅರ್ಧ ಡಬ್ಬಿ ಖಾಲಿಯಾಗುವಷ್ಟರಲ್ಲಿ ಎಲ್ಲವೂ ನಾಲ್ಕು ಸೆಂಟಿಮೀಟರ್ ಕೆಳಗೆ. ಸ್ಕೋಪಿನ ಮೇಲಿನ ಗುಂಡಿ ತಿರುಗಿಸಿ ಸರಿ ಮಾಡಿದರೆ ಮಾರನೇ ದಿನ ಮತ್ತೆ ಬೇರೆ ಕಡೆ. ಹೀಗೆ ತಿರುಗಿಸಿ ತಿರುಗಿಸಿ ಈಗ ಆ ಗುಂಡಿ ಹೆಚ್ಚುಕಮ್ಮಿ ಕೊನೆಗೆ ಬಂದು ನಿಂತಿದೆ. ಜೊತೆಗೆ 9ಕ್ಕೆ ಇಟ್ಟು ಹತ್ತು ಮೀಟರ್ ನೋಡಿದರೆ ಎಲ್ಲ ಮಸುಕು.

ಸ್ಕೋಪೇ ಹಾಳಾಗಿದೆಯಾ? 6-24×50 ಒಂದು ನೋಡಿಟ್ಟಿದ್ದೇನೆ. ಬಜೆಟ್ ಎಂಟು ಹತ್ತು ಸಾವಿರ. ತಗೊಳ್ಳಲಾ? ಇನ್ನೊಂದು ವಿಷಯ. ನನ್ನ ತಂಗಿ ಒಂಬತ್ತನೇ ಕ್ಲಾಸು. ಅವಳಿಗೂ ಶೂಟಿಂಗ್ ಹುಚ್ಚು. ಇದೇ ಗನ್ನಿನಲ್ಲಿ ಅಭ್ಯಾಸ ಮಾಡಿದರೆ ಮುಂದೆ ಜಿಲ್ಲಾ ಮಟ್ಟಕ್ಕೆ ಹೋಗಬಹುದಾ?


ಬುಲ್ಸ್‌ಐ_ಬಾಸ್:

ಬ್ರೋ ಯೋಚನೆ ಮಾಡಬೇಡಿ, 6-24×50 ತಗೊಳ್ಳಿ. ಜೂಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೊಟ್ಟೆ ಕುಂಬಳಕಾಯಿ ಥರ ಕಾಣುತ್ತೆ. ಹಾಗೇ ಸ್ಪ್ರಿಂಗ್ ಕೂಡ ಪವರ್ ಜಾಸ್ತಿ ಇರೋದು ಹಾಕಿಸಿ, ಡ್ರಾಪ್ ಕಮ್ಮಿ ಆಗುತ್ತೆ.


ಹಳೇ_ಫಿಟ್ಟರ್:

ಕಾಫಿತೋಟದವರೇ, ದಯವಿಟ್ಟು ಎಂಟು ಸಾವಿರ ಕೈಯಲ್ಲೇ ಇಟ್ಕೊಳ್ಳಿ. ನೀವು ಬರೆದದ್ದು ಓದಿದರೆ ಸ್ಕೋಪಿನ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ. ಆ ಫ್ರೀ ರಿಂಗ್‌ಗಳ ಮೇಲೆ ಇದೆ.

ನಾನು ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ಶಿವಮೊಗ್ಗದಲ್ಲಿ ಮನೆಯಲ್ಲೇ ಇದ್ದೇನೆ. ಸ್ನೇಹಿತರ ಏರ್ ಗನ್‌ಗಳೆಲ್ಲ ನಮ್ಮ ಜಗಲಿಗೆ ಬರುತ್ತವೆ. ಬರುವವರೆಲ್ಲ ಹೇಳುವುದು ಒಂದೇ ಮಾತು, "ಸ್ಕೋಪ್ ಸರಿ ಇಲ್ಲ". ಬಿಚ್ಚಿ ನೋಡಿದರೆ ಸ್ಕೋಪ್ ಸರಿಯಾಗೇ ಇರುತ್ತದೆ, ಅದನ್ನು ಹಿಡಿದುಕೊಂಡಿರುವುದು ಸರಿ ಇರುವುದಿಲ್ಲ.

ಮೊದಲು ಕಾಸು ಖರ್ಚಿಲ್ಲದ ಕೆಲಸ. ಒಂದು ಚೂಪು ಪೆನ್ಸಿಲ್ ತಗೊಳ್ಳಿ. ಹಿಂದಿನ ರಿಂಗಿನ ಕಾಲು ಗನ್ನಿನ ಮೇಲಿನ ಗಾಡಿಯಲ್ಲಿ (ರಿಂಗ್ ಕಚ್ಚಿಕೊಳ್ಳುವ ಉದ್ದನೆ ಪಟ್ಟಿ) ಹಿಂದುಗಡೆ ಎಲ್ಲಿ ಮುಗಿಯುತ್ತದೋ ಅಲ್ಲಿ, ರಿಂಗಿಗೆ ಅಂಟಿಕೊಂಡ ಹಾಗೆ ಒಂದು ಗೆರೆ ಎಳೆಯಿರಿ. ಟ್ಯೂಬು ಮುಂದಿನ ರಿಂಗಿನಿಂದ ಹೊರಗೆ ಬರುವ ಜಾಗದಲ್ಲಿ ಸಣ್ಣ ಟೇಪ್ ಹಚ್ಚಿ, ರಿಂಗಿನ ಅಂಚಿಗೆ ಇನ್ನೊಂದು ಗೆರೆ. ಆಮೇಲೆ ಒಂದು ಐವತ್ತು ಪೆಲೆಟ್ ಹೊಡೆದು ನೋಡಿ. ಮೊದಲ ಗೆರೆ ರಿಂಗಿನ ಕೆಳಗೆ ಹೋಗಿ ಮುಚ್ಚಿಕೊಂಡರೆ ರಿಂಗೇ ಜಾರುತ್ತಿದೆ. ಟೇಪಿನ ಮೇಲಿನ ಗೆರೆ ರಿಂಗಿನ ಒಳಗೆ ಹೋಗಿದ್ದರೆ, ರಿಂಗ್ ಇದ್ದಲ್ಲೇ ಇದೆ, ಅದರೊಳಗೆ ಟ್ಯೂಬು ಜಾರುತ್ತಿದೆ. ಎರಡೂ ಆಗುವುದೂ ಉಂಟು.

ಯಾಕೆ ಜಾರುತ್ತದೆ ಅಂತ ಹೇಳುತ್ತೇನೆ, ಇದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಸ್ಪ್ರಿಂಗಿನ ಜೋರಿಗೆ ಮುಂದಕ್ಕೆ ಹಾರುತ್ತದೆ. ಅದು ಮುಂದೆ ಹೋದ ಹಾಗೆ ಗನ್ನು ಹಿಂದಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಪಿಸ್ಟನ್ ಮುಂದಿನ ತುದಿಯಲ್ಲಿ ಒತ್ತಿ ಕೂತ ಗಾಳಿಗೆ ಗುದ್ದಿ ನಿಲ್ಲುತ್ತದೆ. ಆಗ ಇಡೀ ಗನ್ನಿಗೆ ಮುಂದಕ್ಕೆ ಒಂದು ಜರ್ಕ್. ಬಸ್ಸು ಸಡನ್ನಾಗಿ ಮುಂದೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಸ್ಕೋಪಿಗೂ ಅದೇ ಗತಿ. ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದೆ. ನಿಜವಾದ ಬಂದೂಕಿನಲ್ಲಿ ಒದೆತ ಒಂದೇ ಕಡೆಗೆ. ಇಲ್ಲಿ ಎರಡೂ ಕಡೆಗೆ. ಅದಕ್ಕೇ ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ಸ್ಪ್ರಿಂಗ್ ಏರ್ ಗನ್ನಿನ ಮೇಲೆ ಕೆಲವೇ ವಾರದಲ್ಲಿ ಒಳಗಿನ ಗುರಿಯ ಗೆರೆ, ಅಂದರೆ ಕ್ರಾಸ್‌ಹೇರ್ ಕಿತ್ತುಕೊಂಡು ಕೂರುವುದು. ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್ ಗನ್ನಿಗೆ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತಗೊಳ್ಳಿ. ಬಂದೂಕಿಗೇ ತಡೆಯುತ್ತೆ, ಇದ್ಯಾವ ಲೆಕ್ಕ ಅನ್ನುವ ಅಂಗಡಿಯವರ ಮಾತು ಕೇಳಬೇಡಿ.

ಅದರ ಜೊತೆಗೇ ಇನ್ನೊಂದು ನೋಡಿ. ಕೈ ಇಡುವ ಮುಂದಿನ ಮರದ ಎರಡೂ ಪಕ್ಕ ಒಂದೊಂದು ಸ್ಕ್ರೂ ಇರುತ್ತದೆ. ಟ್ರಿಗರ್ ಗಾರ್ಡಿನ ಹತ್ತಿರ ಒಂದೋ ಎರಡೋ. ಅವು ಸಡಿಲವಾಗಿದ್ದರೆ ಬೇರೆ ಏನು ಮಾಡಿದರೂ ನೀರಲ್ಲಿ ಹೋಮ. ಸ್ಪ್ರಿಂಗ್ ಗನ್ನಿನಲ್ಲಿ ಇವು ತಾವಾಗೇ ಬಿಚ್ಚಿಕೊಳ್ಳುತ್ತವೆ. ಬ್ಯಾರಲ್ ಬಗ್ಗುವ ಜಾಗದ ಬೋಲ್ಟನ್ನೂ ಅಲುಗಾಡಿಸಿ ನೋಡಿ. ಲೋಡ್ ಮಾಡುವಾಗ ಬ್ಯಾರಲ್ಲನ್ನು ಅರ್ಧ ಬಗ್ಗಿಸಿ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿದರೆ ಲೊಡಲೊಡ ಅನ್ನಬಾರದು.

ಈಗ ಆ ಗುಂಡಿ ಕೊನೆಗೆ ಬಂದು ನಿಂತ ವಿಷಯ. ಬಗ್ಗಿಸುವ ಬ್ಯಾರಲ್‌ನ ಗನ್ನುಗಳಲ್ಲಿ ಇದು ಮಾಮೂಲಿ. ಬ್ಯಾರಲ್ಲು ಮೇಲಿನ ಗಾಡಿಗೆ ಸರಿಯಾಗಿ ಸಮಾನಾಂತರ ಇರುವುದಿಲ್ಲ, ಮೂತಿ ಸ್ವಲ್ಪ ಕೆಳಗೆ ನೋಡುತ್ತಿರುತ್ತದೆ. ಓಪನ್ ಸೈಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಎರಡೂ ಸೈಟು ಬ್ಯಾರಲ್ ಜೊತೆಗೇ ಇರುತ್ತವೆ. ಸ್ಕೋಪ್ ಕೂರುವುದು ಹಿಂದಿನ ಭಾಗದ ಮೇಲೆ. ಹಾಗಾಗಿ ಪೆಲೆಟ್ ಕೆಳಗೆ ಬೀಳುತ್ತದೆ, ನೀವು ಗುಂಡಿ ಮೇಲಕ್ಕೆ ತಿರುಗಿಸುತ್ತಾ ಹೋಗುತ್ತೀರಿ. ಕೊನೆ ಹತ್ತಿರ ಬಂದಾಗ ಒಳಗಿನ ಸಣ್ಣ ಸ್ಪ್ರಿಂಗು ಪೂರ್ತಿ ಸಡಿಲವಾಗಿರುತ್ತದೆ. ಅದಕ್ಕೆ ಒಳಗಿನ ಟ್ಯೂಬನ್ನು ಗಟ್ಟಿಯಾಗಿ ಒತ್ತಿ ಹಿಡಿಯಲು ಆಗುವುದಿಲ್ಲ. ಹೊಡೆದಾಗೆಲ್ಲ ಕ್ರಾಸ್‌ಹೇರ್ ಅಲ್ಲಾಡುತ್ತದೆ. ಮಾರನೇ ದಿನ ಬೇರೆ ಕಡೆ ಬೀಳುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಪರಿಹಾರ ಸುಲಭ. ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಲಿಕ್ ಎಣಿಸುತ್ತಾ ತಿರುಗಿಸಿ, ಅರ್ಧಕ್ಕೆ ವಾಪಸ್ ಬನ್ನಿ. ಪಕ್ಕದ ಗುಂಡಿಗೂ ಹಾಗೇ. ಈಗ ಸ್ಕೋಪು ಮಧ್ಯಕ್ಕೆ ಬಂತು. ಆಮೇಲೆ ಹಿಂದಿನ ರಿಂಗಿನ ತಳದಲ್ಲಿ, ಟ್ಯೂಬಿನ ಕೆಳಗೆ, ಒಂದು ತೆಳ್ಳನೆ ಪಟ್ಟಿ ಇಡಿ. ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು ಕತ್ತರಿಸಿದರೆ ಸುಮಾರು 0.1 ಮಿಲಿಮೀಟರ್ ದಪ್ಪ ಸಿಗುತ್ತದೆ. ಹಳೇ ಫೋಟೋ ನೆಗೆಟಿವ್ ಇದ್ದರೆ ಅದೂ ಆಗುತ್ತದೆ. ಲೆಕ್ಕ ನೋಡಿ. ಎರಡು ರಿಂಗ್‌ಗಳ ನಡುವೆ 100 ಮಿಲಿಮೀಟರ್ ಅಂತರ ಇದ್ದು 0.1 ಮಿಲಿಮೀಟರ್ ಪಟ್ಟಿ ಇಟ್ಟರೆ, ಸಾವಿರಕ್ಕೆ ಒಂದರಷ್ಟು ಓರೆ ಬರುತ್ತದೆ. ಅಂದರೆ 20 ಮೀಟರಿನಲ್ಲಿ 20 ಮಿಲಿಮೀಟರ್ ಮೇಲೆ. ನಿಮ್ಮ ನಾಲ್ಕು ಸೆಂಟಿಮೀಟರಿಗೆ ಎರಡು ಪದರ ಸಾಕು. ಅದಕ್ಕಿಂತ ಜಾಸ್ತಿ ಇಡಬೇಡಿ, ಟ್ಯೂಬು ಬಾಗುತ್ತದೆ. ಆಗಲೂ ಸಾಲದಿದ್ದರೆ ಹಿಂದೆ ಎತ್ತರ, ಮುಂದೆ ತಗ್ಗು ಇರುವ ಮೌಂಟೇ (ಸ್ಕೋಪನ್ನು ಗನ್ನಿಗೆ ಕೂರಿಸುವ ಹಿಡಿ) ಸಿಗುತ್ತದೆ. ಹಿಂದೆ ಎತ್ತಿದರೆ ಪೆಲೆಟ್ ಹೇಗೆ ಮೇಲೆ ಹೋಗುತ್ತೆ ಅಂತ ಸುಮಾರು ಜನ ಕೇಳುತ್ತಾರೆ. ಸ್ಕೋಪಿನ ಮೂತಿ ಕೆಳಗಾಯಿತು. ಅದನ್ನು ಮತ್ತೆ ಗುರಿಗೆ ತರಲು ನೀವು ಇಡೀ ಗನ್ನನ್ನು ಎತ್ತುತ್ತೀರಿ. ಬ್ಯಾರಲ್ ಜೊತೆಗೇ ಮೇಲೆ ಬಂತು, ಅಷ್ಟೇ.

ಬಾಸ್ ಅವರು ಹೇಳಿದ ಪವರ್ ಸ್ಪ್ರಿಂಗ್ ವಿಷಯಕ್ಕೆ ಕೈ ಹಾಕಲೇ ಬೇಡಿ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ .177 ಏರ್ ರೈಫಲ್ಲು 20 ಜೂಲ್ ಒಳಗಿದ್ದರೆ ಮಾತ್ರ ಲೈಸೆನ್ಸ್ ಬೇಡ. ಅದು ದಾಟಿದರೆ ನಿಮ್ಮ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಆಯುಧ. ಜೊತೆಗೆ ಜರ್ಕ್ ಜಾಸ್ತಿಯಾಗಿ ಸ್ಕೋಪ್ ಇನ್ನೂ ಬೇಗ ಜಾರುತ್ತದೆ. ಅರ್ಧ ಗ್ರಾಮಿನ ಪೆಲೆಟ್ಟು ಸೆಕೆಂಡಿಗೆ 240 ಮೀಟರ್ ಹೋದರೆ 15 ಜೂಲ್ ಆಸುಪಾಸು ಆಗುತ್ತದೆ. ಮೊಟ್ಟೆ ಒಡೆಯಲು ಅದೇ ಧಾರಾಳ.


ಬುಲ್ಸ್‌ಐ_ಬಾಸ್:

ಓಕೆ ಸರ್, ಸ್ಪ್ರಿಂಗ್ ವಿಷಯ ವಾಪಸ್ ತಗೊಂಡೆ 😀 ಆದ್ರೆ 24 ಪವರ್‌ಗೆ ಏನು ತೊಂದರೆ? ದೊಡ್ಡದಾಗಿ ಕಂಡರೆ ಒಳ್ಳೇದೇ ಅಲ್ವಾ?


ಹಳೇ_ಫಿಟ್ಟರ್:

ದೊಡ್ಡದಾಗಿ ಕಾಣುವುದು ಮೊಟ್ಟೆ ಮಾತ್ರ ಅಲ್ಲ ಮಾರಾಯ್ರೆ, ನಿಮ್ಮ ಎದೆಬಡಿತವೂ. ಪಂದ್ಯದಲ್ಲಿ ಸುತ್ತ ಜನ ನಿಂತಿರುತ್ತಾರೆ, ಕೈ ನಡುಗುತ್ತಿರುತ್ತದೆ. 24ರಲ್ಲಿ ನೋಡಿದರೆ ಕ್ರಾಸ್‌ಹೇರು ಮೊಟ್ಟೆಯ ಮೇಲೆ ಕುಣಿಯುತ್ತದೆ. ಅದು ನಿಲ್ಲಲಿ ಅಂತ ಕಾದು ಕಾದು ಕೊನೆಗೆ ಟ್ರಿಗರ್ ಕಿತ್ತು ಎಳೆಯುತ್ತೀರಿ. 20 ಮೀಟರಿಗೆ 6 ಅಥವಾ 8 ಸಾಕು.

ಇನ್ನು 50 ಮಿಲಿಮೀಟರ್ ಗಾಜಿನ ಸ್ಕೋಪು ಭಾರ. ಭಾರ ಜಾಸ್ತಿ ಆದಷ್ಟೂ ಆ ಮುಂದಿನ ಜರ್ಕಿಗೆ ಜಾರುವುದು ಜಾಸ್ತಿ. ಗಾಜು ದೊಡ್ಡದಾದರೆ ಮೌಂಟ್ ಎತ್ತರ ಬೇಕು. ಮೌಂಟ್ ಎತ್ತರವಾದರೆ ಕೆನ್ನೆ ಮರಕ್ಕೆ ತಾಗುವುದಿಲ್ಲ, ಕತ್ತು ಎತ್ತಿ ಗಾಳಿಯಲ್ಲಿ ತಲೆ ಇಟ್ಟುಕೊಂಡು ಹೊಡೆಯಬೇಕು. ತಲೆ ಒಂದೊಂದು ಸಲ ಒಂದೊಂದು ಕಡೆ.

ಸ್ಕೋಪ್ ಬದಲಿಸುವುದೇ ಆದರೆ ಜೂಮ್ ನೋಡಬೇಡಿ, ಪ್ಯಾರಲಾಕ್ಸ್ ನೋಡಿ, ಅಂದರೆ ಸ್ಕೋಪನ್ನು ಎಷ್ಟು ದೂರಕ್ಕೆ ಹೊಂದಿಸಿದ್ದಾರೆ ಅಂತ. ಹತ್ತು ಮೀಟರಿನಲ್ಲಿ ಮಸುಕು ಅಂದರಲ್ಲ, ಅದಕ್ಕೆ ಕಾರಣ ಇದೇ. ಬಂದೂಕಿನ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿ ಸೀಲ್ ಮಾಡಿರುತ್ತಾರೆ. ಹತ್ತಿರದ ವಸ್ತು ಮಸುಕಾಗುವುದು ಒಂದು ಕಡೆ ಇರಲಿ. ದೊಡ್ಡ ತೊಂದರೆ ಅಂದರೆ ಕಣ್ಣು ಸ್ವಲ್ಪ ಅತ್ತಿತ್ತ ಹೋದರೂ ಕ್ರಾಸ್‌ಹೇರ್ ಗುರಿಯ ಮೇಲೆ ಸರಿದಾಡುತ್ತದೆ. ಮನೆಯಲ್ಲೇ ನೋಡಬಹುದು. ಗನ್ನನ್ನು ಎರಡು ದಿಂಬಿನ ನಡುವೆ ಅಲ್ಲಾಡದ ಹಾಗೆ ಇಡಿ, ಗೋಡೆಯ ಮೇಲೊಂದು ಚುಕ್ಕಿ ಇಟ್ಟು ಕ್ರಾಸ್‌ಹೇರ್ ಅದರ ಮೇಲೆ ತನ್ನಿ. ಗನ್ ಮುಟ್ಟದೆ ತಲೆಯನ್ನು ಮಾತ್ರ ಎಡ, ಬಲ, ಮೇಲೆ, ಕೆಳಗೆ ಆಡಿಸಿ. ಕ್ರಾಸ್‌ಹೇರ್ ಚುಕ್ಕಿ ಬಿಟ್ಟು ಓಡಾಡಿದರೆ ಅಷ್ಟರಮಟ್ಟಿಗೆ ನಿಮ್ಮ ಗುರಿಯೂ ಓಡಾಡುತ್ತದೆ, ಗನ್ ಎಷ್ಟೇ ಒಳ್ಳೆಯದಿರಲಿ.

ಹಾಗಾಗಿ ಮುಂದಿನ ಗಾಜಿನ ಸುತ್ತ ತಿರುಗುವ ಉಂಗುರ ಇರುವ ಸ್ಕೋಪ್ ಹುಡುಕಿ. ಎಒ ಅಂತ ಬರೆದಿರುತ್ತದೆ. ಅಥವಾ ಪಕ್ಕದಲ್ಲಿ ಫೋಕಸ್ ಗುಂಡಿ ಇರುವುದು. 10 ಗಜದವರೆಗೆ ಇಳಿಯಬೇಕು. 4-12×40 ಎಒ, ಒಂದಿಂಚಿನ ಟ್ಯೂಬು. ಈ ಗನ್ನಿಗೆ ಅದಕ್ಕಿಂತ ಮೇಲೆ ಹೋಗಬೇಕಿಲ್ಲ. ಉಂಗುರದ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ. 20 ಮೀಟರಿಗೆ ಸ್ಪಷ್ಟವಾಗುವ ಜಾಗಕ್ಕೆ ನೀವೇ ಬಿಳಿ ಪೇಂಟಿನಲ್ಲಿ ಒಂದು ಚುಕ್ಕಿ ಇಟ್ಟುಕೊಳ್ಳಿ.

ಆದರೆ ಮೊದಲು ಮೌಂಟು. ದುಡ್ಡು ಅಲ್ಲಿ ಹಾಕಿ. ಎರಡು ಬಿಡಿ ರಿಂಗ್ ಬೇಡ, ಉದ್ದಕ್ಕೆ ಒಂದೇ ತುಂಡಾಗಿ ಬರುವ ಮೌಂಟ್ ತಗೊಳ್ಳಿ. ಕೆಳಗೆ ಕಚ್ಚುವ ಸ್ಕ್ರೂಗಳು ಜಾಸ್ತಿ ಇರುತ್ತವೆ, ಹಿಡಿತ ಜಾಸ್ತಿ. ಮುಖ್ಯವಾಗಿ ತಳದಲ್ಲಿ ಸ್ಟಾಪ್ ಪಿನ್ ಇರಬೇಕು. ನಿಮ್ಮ ಗನ್ನಿನ ಗಾಡಿಯ ಹಿಂದಿನ ಕಡೆ ಒಂದೋ ಎರಡೋ ಮೂರೋ ಸಣ್ಣ ತೂತು ಇರುತ್ತದೆ, ನೋಡಿ. ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಪಿನ್ ಅದರೊಳಗೆ ಕೂತರೆ ಮೌಂಟ್ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ಪಿನ್ ಇಲ್ಲದೆ ಸ್ಕ್ರೂ ಬಲದಲ್ಲೇ ನಿಲ್ಲಿಸುತ್ತೇನೆ ಅಂತ ಹೋದರೆ ಕೊನೆಗೆ ಗಾಡಿಯ ಅಂಚು ಕಿತ್ತು ಬರುತ್ತದೆ.

ಕೊಳ್ಳುವ ಮುಂಚೆ ಗಾಡಿಯ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಏರ್ ಗನ್ನಿಗೆ 11 ಮಿಲಿಮೀಟರ್ ಅಂತ ಹೇಳುವುದು ವಾಡಿಕೆ. 9.5 ಬರುವುದೂ ಇದೆ, ಕೆಲವದರಲ್ಲಿ 11ಕ್ಕಿಂತ ಜಾಸ್ತಿಯೂ ಇದೆ. ಪಿಕಾಟಿನಿ ಅಂತ ಹಲ್ಲು ಹಲ್ಲಾಗಿ ಬರುವ ಅಗಲದ ಮೌಂಟ್ ಇದಕ್ಕೆ ಕೂರುವುದೇ ಇಲ್ಲ. ಆನ್‌ಲೈನಿನಲ್ಲಿ ಫೋಟೋ ನೋಡಿ ಅದನ್ನೇ ತರಿಸಿಕೊಂಡು ಬೈಯುವವರು ಬೇಕಾದಷ್ಟಿದ್ದಾರೆ.

ಎತ್ತರದ ಲೆಕ್ಕವೂ ಹೇಳಿಬಿಡುತ್ತೇನೆ. ಸ್ಕೋಪಿನ ಮುಂದಿನ ದಪ್ಪ ಭಾಗದ ಹೊರ ಅಳತೆ 52 ಮಿಲಿಮೀಟರ್ ಅಂದುಕೊಳ್ಳಿ. ಅರ್ಧ 26. ಒಂದಿಂಚಿನ ಟ್ಯೂಬಿನ ಅರ್ಧ 12.7. ಕಳೆದರೆ 13.3. ಗಾಡಿಯ ಮೇಲ್ಮೈಯಿಂದ ಟ್ಯೂಬಿನ ತಳಕ್ಕೆ ಅಷ್ಟು ಬೇಕೇ ಬೇಕು. ಮೇಲೆ ಎರಡು ಮೂರು ಮಿಲಿಮೀಟರ್ ಉಸಿರಾಡಲು ಸೇರಿಸಿ, 16 ಇಟ್ಟುಕೊಳ್ಳಿ. ಪೆಲೆಟ್ ತುರುಕುವ ಜಾಗದ ಮೇಲೆ ಸ್ಕೋಪಿನ ಮೂತಿ ಬಂದು ಕೂತರೆ ಬೆರಳು ಹೋಗುವುದಿಲ್ಲ, ಅದನ್ನೂ ಒಮ್ಮೆ ಯೋಚಿಸಿ.

ಕೂರಿಸುವಾಗ ಎಲ್ಲಕ್ಕಿಂತ ಮೊದಲು ಎಣ್ಣೆ ತೆಗೆಯಿರಿ. ತುಕ್ಕು ಹಿಡಿಯಬಾರದು ಅಂತ ಕಂಪನಿಯವರು ಗಾಡಿಗೆ ಎಣ್ಣೆ ಬಳಿದಿರುತ್ತಾರೆ, ಅದರ ಮೇಲೇ ಅಂಗಡಿಯವರು ರಿಂಗ್ ಕಚ್ಚಿಸುತ್ತಾರೆ. ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಗಾಡಿಯ ಎರಡೂ ಅಂಚು, ರಿಂಗಿನ ಒಳಗು ಒರೆಸಿ. ಸ್ಕೋಪಿನ ಟ್ಯೂಬಿಗೆ ಥಿನ್ನರ್ ಬೇಡ, ಒಣ ಬಟ್ಟೆ ಸಾಕು. ಮರದ ಪಾಲಿಶಿಗೆ ಥಿನ್ನರ್ ತಾಗಿಸಬೇಡಿ, ಬಿಳಿ ಕಲೆ ಬೀಳುತ್ತದೆ.

ಮೌಂಟನ್ನು ಪಿನ್ ಸಮೇತ ಕಚ್ಚಿಸಿ, ಹಿಂದಕ್ಕೆ ತಳ್ಳಿ ಪಿನ್ ತೂತಿನ ಹಿಂದಿನ ಗೋಡೆಗೆ ಒತ್ತಿಕೊಂಡಿರುವಾಗ ಕೆಳಗಿನ ಸ್ಕ್ರೂ ಬಿಗಿ ಮಾಡಿ. ಅವಕ್ಕೆ ನೀಲಿ ಲಾಕ್‌ಟೈಟ್ 243 ಒಂದು ಚಿಕ್ಕ ಹನಿ ಹಾಕಬಹುದು. ಕೆಂಪು ಬೇಡ, ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಸ್ಕೋಪನ್ನು ಸಡಿಲವಾಗಿ ಇಟ್ಟು ಜೂಮ್ ಪೂರ್ತಿ ಏರಿಸಿ. ಕಣ್ಣು ಮುಚ್ಚಿಕೊಂಡು ಗನ್ನನ್ನು ಭುಜಕ್ಕೆ ಏರಿಸಿ ಕೆನ್ನೆ ಇಡಿ, ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಮಾಡಿ. ಕಣ್ಣಿಗೂ ಗಾಜಿಗೂ ಮೂರು ಇಂಚಿನ ಮೇಲೆ ಅಂತರ ಬರುತ್ತದೆ.

ಕ್ರಾಸ್‌ಹೇರ್ ನೆಟ್ಟಗಿದೆಯಾ ಅಂತ ನೋಡಲು ದೂರದಲ್ಲಿ ಒಂದು ದಾರಕ್ಕೆ ದೊಡ್ಡ ನಟ್ ಕಟ್ಟಿ ನೇತು ಹಾಕಿ. ಗನ್ ಮಟ್ಟವಾಗಿರುವಾಗ ಉದ್ದ ಗೆರೆ ದಾರದ ಮೇಲೆ ಕೂರಬೇಕು. ವಾಲಿದ್ದರೆ ನೀವು ಮೇಲೆ ಅಂತ ತಿರುಗಿಸಿದ್ದು ಪಕ್ಕಕ್ಕೂ ಹೋಗುತ್ತದೆ. ಆಮೇಲೆ ರಿಂಗಿನ ಮೇಲಿನ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಒಂದೊಂದಕ್ಕೆ ಕಾಲು ಸುತ್ತಿನ ಹಾಗೆ ಬಿಗಿ ಮಾಡಿ. ಎರಡೂ ಪಕ್ಕ ಸಂದು ಒಂದೇ ಸಮ ಇರಬೇಕು. ಟಾರ್ಕ್ ಕೀ ಇದ್ದರೆ ಸುಮಾರು 2 ನ್ಯೂಟನ್ ಮೀಟರ್. ಇಲ್ಲದಿದ್ದರೆ ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂಗೆ ಹಾಕಿ, ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳು ಸೋತಲ್ಲಿಗೆ ನಿಲ್ಲಿಸಿ. ಉದ್ದ ಕಾಲು ಹಿಡಿದು ತಿರುಗಿಸುವ ಪೈಲ್ವಾನರು ಟ್ಯೂಬನ್ನು ಅಪ್ಪಚ್ಚಿ ಮಾಡಿ ತಂದು ನನ್ನ ಮುಂದೆ ಇಡುತ್ತಾರೆ.


ರೇಂಜ್_ಟೀಚರ್:

ಫಿಟ್ಟರ್ ಸರ್ ಮೌಂಟ್ ಬಗ್ಗೆ ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ. ತಂಗಿಯ ವಿಷಯ ಮಾತ್ರ ಹೇಳುತ್ತೇನೆ. ನಾನು ಮಕ್ಕಳಿಗೆ 10 ಮೀಟರ್ ಏರ್ ರೈಫಲ್ ಹೇಳಿಕೊಡುತ್ತೇನೆ.

ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಅಂತ ಆಸೆ ಇದ್ದರೆ ಅವಳಿಗೆ ಸ್ಕೋಪ್ ಅಭ್ಯಾಸ ಮಾಡಿಸಬೇಡಿ. 10 ಮೀಟರ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಇರುವುದು ಪೀಪ್ ಸೈಟ್. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ, ಮಧ್ಯೆ ಗುರಿಯ ಕಪ್ಪು. ಆ ಕಪ್ಪು ಭಾಗ 30.5 ಮಿಲಿಮೀಟರ್ ಅಗಲ, ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರ್ ಇರುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ ವಿಭಾಗದಲ್ಲೇ. ಇಬ್ಬರೂ ಹೊಡೆದದ್ದು ಪೀಪ್ ಸೈಟ್‌ನಲ್ಲಿ.

ನಿಮ್ಮ ಸ್ಪ್ರಿಂಗ್ ಗನ್ ಅವಳಿಗೆ ಭಾರ, ಬಗ್ಗಿಸಲೂ ಕಷ್ಟ. ಹತ್ತಿರದ ಕ್ಲಬ್‌ಗೆ ಕರೆದುಕೊಂಡು ಹೋಗಿ, ಅಲ್ಲಿಯ ಮ್ಯಾಚ್ ರೈಫಲ್ಲನ್ನೇ ಹಿಡಿಯಲಿ. ಮನೆಯಲ್ಲಿ ಹೊಡೆಯುವಾಗ ಕನ್ನಡಕ ಕಡ್ಡಾಯ. ಕಲ್ಲು ಗೋಡೆಗೆ ಹೊಡೆದರೆ ಪೆಲೆಟ್ ವಾಪಸ್ ಬರುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಮರಳು ಚೀಲವೋ ಇರಲಿ.

ನಿಮಗೂ ಒಂದು ಮಾತು. ಪಂದ್ಯ ನಡೆಸುವವರನ್ನು ಮೊದಲು ಕೇಳಿ, ಸ್ಕೋಪ್ ಬಿಡುತ್ತಾರಾ ಅಂತ. ಓಪನ್ ಸೈಟ್ ಮಾತ್ರ ಅಂದರೆ ಈ ಖರ್ಚೆಲ್ಲ ಯಾಕೆ? ನನ್ನನ್ನು ಕೇಳಿದರೆ ಓಪನ್ ಸೈಟಿನಲ್ಲೇ ಅಭ್ಯಾಸ ಮುಂದುವರಿಸಿ ಅಂತಲೇ ಹೇಳುತ್ತೇನೆ.


ಹಳೇ_ಫಿಟ್ಟರ್:

ಮೇಡಂ ಹೇಳಿದ್ದರಲ್ಲಿ ತಂಗಿಯ ವಿಷಯ ನೂರಕ್ಕೆ ನೂರು ಸರಿ. ಓಪನ್ ಸೈಟ್ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ನನ್ನ ಹಾಗೆ ಚಾಳೀಸು ಬಂದ ಕಣ್ಣಿಗೆ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರೂ ಒಟ್ಟಿಗೆ ಕಾಣುವುದು ಕನಸೇ. ಹುಡುಗರು ಬೇಕಾದರೆ ಹೊಡೆಯಲಿ.


ಕಾಫಿತೋಟದ_ಹುಡುಗ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫಿಟ್ಟರ್ ಅಣ್ಣ, ನೀವು ಹೇಳಿದ ಹಾಗೆ ಗೆರೆ ಎಳೆದು ಹೊಡೆದೆ. ಹಿಂದಿನ ರಿಂಗು ಗೆರೆಯನ್ನು ನುಂಗಿಬಿಟ್ಟಿದೆ! ಟೇಪಿನ ಗೆರೆ ಇದ್ದಲ್ಲೇ ಇದೆ. ಮುಂದಿನ ಮರದ ಎಡಗಡೆ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಗಾಡಿ ಒರೆಸಿದರೆ ಬಟ್ಟೆ ಕಪ್ಪಾಯಿತು. ತಲೆ ಆಡಿಸಿ ನೋಡಿದರೆ ಕ್ರಾಸ್‌ಹೇರ್ ಒಂದು ಬೆರಳಗಲ ಓಡಾಡುತ್ತದೆ. ಪಂದ್ಯದವರನ್ನು ಕೇಳಿದೆ ಮೇಡಂ, ನಮ್ಮ ಊರಿನವರು ಸ್ಕೋಪ್ ಬಿಡುತ್ತಾರಂತೆ, ಪಕ್ಕದ ಊರಿನವರು ಇಲ್ಲ. ತಂಗಿಯನ್ನು ಕ್ಲಬ್‌ಗೆ ಸೇರಿಸಲು ಅಪ್ಪ ಒಪ್ಪಿದ್ದಾರೆ.

ಒಂದೇ ತುಂಡಿನ ಮೌಂಟ್ ಆರ್ಡರ್ ಮಾಡಿದ್ದೇನೆ. ಸ್ಕೋಪು 4-12×40 ಎಒ ನೋಡುತ್ತಿದ್ದೇನೆ. ಎರಡು ಡೌಟು ಉಳಿದಿದೆ. ಯಾವ ದೂರಕ್ಕೆ ಝೀರೋ ಮಾಡಲಿ, ಅಂದರೆ ಗುರಿ ಇಟ್ಟಲ್ಲೇ ಪೆಲೆಟ್ ಬೀಳುವ ಹಾಗೆ ಹೊಂದಿಸಲಿ? ಮೊಟ್ಟೆಯನ್ನು ಒಂದು ಊರಲ್ಲಿ 15 ಮೀಟರಿಗೆ ಇಟ್ಟರೆ ಇನ್ನೊಂದರಲ್ಲಿ 25 ಇರಬಹುದು. ಎಷ್ಟು ಕ್ಲಿಕ್ಕಿಗೆ ಎಷ್ಟು ಸರಿಯುತ್ತೆ? ಹಾಗೇ ತೋಟದಲ್ಲಿ ಮಂಗಗಳ ಕಾಟ ಜಾಸ್ತಿ, ಹೆದರಿಸಲು ಇದನ್ನು ಬಳಸಬಹುದಾ?


ಹಳೇ_ಫಿಟ್ಟರ್:

ಕೊನೆಯದಕ್ಕೆ ಮೊದಲು ಉತ್ತರ. ಬೇಡ. ಮಂಗ, ನವಿಲು, ಅಳಿಲು ಯಾವುದರ ಮೇಲೂ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ಮುಂಚೆ ಕಾಗೆ, ಬಾವಲಿ, ಇಲಿ ಅಂತ ಉಪದ್ರವಿಗಳ ಪಟ್ಟಿಯೊಂದು ಅದರಲ್ಲಿತ್ತು, 2022ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದುಹಾಕಿದರು. ಹೆದರಿಸಲು ಅಂತ ಹೊಡೆದ ಪೆಲೆಟ್ಟು ಮಂಗನ ಕಣ್ಣಿಗೆ ಬಿದ್ದರೆ ಅದು ನರಳಿ ನರಳಿ ಸಾಯುತ್ತದೆ. ಗನ್ನು ಮೊಟ್ಟೆಗೆ, ಕಾಗದಕ್ಕೆ, ಡಬ್ಬಿಗೆ.

ಝೀರೋ 20 ಮೀಟರಿಗೆ ಮಾಡಿ. ಕಾರಣ ಹೇಳುತ್ತೇನೆ. ಸ್ಕೋಪಿನ ನಡುಗೆರೆ ಬ್ಯಾರಲ್‌ಗಿಂತ ಸುಮಾರು 45 ಮಿಲಿಮೀಟರ್ ಮೇಲಿರುತ್ತದೆ. ಅಂದರೆ ಪೆಲೆಟ್ಟು ಹೊರಡುವುದೇ ನಿಮ್ಮ ದೃಷ್ಟಿಯ ಗೆರೆಯಿಂದ ಅಷ್ಟು ಕೆಳಗೆ. ಹೋಗ್ತಾ ಹೋಗ್ತಾ ಏರಿ ಗೆರೆಯನ್ನು ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಸೆಕೆಂಡಿಗೆ 240 ಮೀಟರಿನ ಲೆಕ್ಕದಲ್ಲಿ 20 ಮೀಟರಿಗೆ ಝೀರೋ ಮಾಡಿದರೆ ಅದು ಗೆರೆಯನ್ನು ಮುಟ್ಟುವ ತುತ್ತತುದಿ ಹೆಚ್ಚುಕಮ್ಮಿ ಅಲ್ಲೇ ಬರುತ್ತದೆ. ಹಾಗಾಗಿ 15ರಲ್ಲೂ 25ರಲ್ಲೂ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಕೆಳಗೆ. ಮೊಟ್ಟೆ ನಾಲ್ಕು ಸೆಂಟಿಮೀಟರ್ ಅಗಲ ಇದೆ. ನಡುವಿಗೆ ಇಟ್ಟು ಹೊಡೆಯಿರಿ, ದೂರದ ಚಿಂತೆ ಬಿಡಿ. 10 ಮೀಟರಿಗೂ 30 ಮೀಟರಿಗೂ ಮಾತ್ರ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಹೋಗುತ್ತದೆ, ಆಗ ಅಷ್ಟು ಮೇಲೆ ಇಟ್ಟರಾಯಿತು. 10 ಮೀಟರಿಗೆ ಯಾಕೆ ಕೆಳಗೆ ಬಿತ್ತು, ಹತ್ತಿರ ಅಲ್ವಾ ಅಂತ ಗಾಬರಿಯಾಗಿ ಗುಂಡಿ ತಿರುಗಿಸಬೇಡಿ.

ಕ್ಲಿಕ್ಕು. ಗುಂಡಿಯ ಮೇಲೆ ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತ ಬರೆದಿದ್ದರೆ 100 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 7 ಮಿಲಿಮೀಟರ್. 20 ಮೀಟರಿನಲ್ಲಿ ಅದರ ಐದನೇ ಒಂದು ಭಾಗ, ಒಂದೂವರೆ ಮಿಲಿಮೀಟರಿಗೆ ಸ್ವಲ್ಪ ಕಮ್ಮಿ. ನಾಲ್ಕು ಸೆಂಟಿಮೀಟರ್ ಸರಿಸಲು 27-28 ಕ್ಲಿಕ್ ಬೇಕು. ಒಂದು ಪೆಲೆಟ್ ನೋಡಿ ತಿರುಗಿಸಬೇಡಿ. ಐದು ಹೊಡೆದು ಅವುಗಳ ನಡು ಎಲ್ಲಿದೆ ನೋಡಿ ತಿರುಗಿಸಿ. ಮೊದಲು 10 ಮೀಟರಿನಲ್ಲಿ ಕಾಗದದ ಮೇಲೆ ತಂದುಕೊಂಡು ಆಮೇಲೆ 20ಕ್ಕೆ ಹೋಗಿ.

ಹೊಡೆಯುವಾಗ ಮುಂದಿನ ಮರವನ್ನು ಗಟ್ಟಿಯಾಗಿ ಹಿಡಿಯಬೇಡಿ, ಇಟ್ಟಿಗೆ ಮೇಲೂ ಇಡಬೇಡಿ. ಅಂಗೈ ಬಿಚ್ಚಿ ಅದರ ಮೇಲೆ ಸುಮ್ಮನೆ ಮಲಗಿಸಿ. ಪ್ರತಿ ಸಲ ಮರದ ಅದೇ ಜಾಗದಲ್ಲಿ ಕೈ ಇರಲಿ. ಈ ಗನ್ನು ಪೆಲೆಟ್ ಹೊರಗೆ ಹೋಗುವ ಮುಂಚೆಯೇ ಅಲ್ಲಾಡುತ್ತದೆ, ಒಂದೊಂದು ಸಲ ಒಂದೊಂದು ಥರ ಹಿಡಿದರೆ ಒಂದೊಂದು ಕಡೆ ಬೀಳುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದಂತೂ ಬೇಡವೇ ಬೇಡ, ಪಿಸ್ಟನ್ ಸೀಲ್ ಹೋಗುತ್ತದೆ.


ಕಾಫಿತೋಟದ_ಹುಡುಗ:

ಅಣ್ಣ, ಮೌಂಟ್ ಬಂತು. ಅಗಲ ಸರಿ ಇದೆ. ಆದರೆ ಪಿನ್ ದಪ್ಪ, ಗನ್ನಿನ ತೂತು ಸಣ್ಣದು. ಸ್ವಲ್ಪದರಲ್ಲಿ ಹೋಗುತ್ತಿಲ್ಲ. ಇಲ್ಲಿಯ ವೆಲ್ಡಿಂಗ್ ಶಾಪಿನವರು ತೂತನ್ನೇ ಡ್ರಿಲ್ ಹಾಕಿ ದೊಡ್ಡದು ಮಾಡಿಕೊಡುತ್ತೇನೆ ಅಂತಾರೆ. ಮಾಡಿಸಲಾ?


ಹಳೇ_ಫಿಟ್ಟರ್:

ಅಯ್ಯೋ, ಗನ್ನಿಗೆ ಡ್ರಿಲ್ ಮುಟ್ಟಿಸಬೇಡಿ! ಆ ತೂತಿನ ಕೆಳಗೇ ಪಿಸ್ಟನ್ ಓಡಾಡುವ ಟ್ಯೂಬಿದೆ. ಡ್ರಿಲ್ ಒಳಗಿಳಿದರೆ ಇಡೀ ಗನ್ ಗುಜರಿ.

ಪಿನ್ ಸ್ಕ್ರೂ ಥರ ಇರುತ್ತದೆ, ಅಲೆನ್ ಕೀಯಲ್ಲಿ ಬಿಚ್ಚಿ ತೆಗೆಯಿರಿ. ಅದರ ತುದಿಯನ್ನು ಅರದಲ್ಲಿ ಸುತ್ತಲೂ ತಿರುಗಿಸುತ್ತಾ ಅರೆಯಿರಿ, ತೂತಿಗೆ ಬಿಗಿಯಾಗಿ ಕೂರುವಷ್ಟು ಮಾತ್ರ. ಹ್ಯಾಂಡ್ ಡ್ರಿಲ್‌ಗೆ ಪಿನ್ನನ್ನೇ ಕಚ್ಚಿಸಿ ಅರ ಹಿಡಿದರೆ ಇನ್ನೂ ಚೆನ್ನಾಗಿ ಗುಂಡಗೆ ಬರುತ್ತದೆ. ಮತ್ತೆ ಹಾಕುವಾಗ ಪಿನ್ ತೂತಿನ ತಳಕ್ಕೆ ತಾಗಬಾರದು, ತಾಗಿದರೆ ಅದು ಮೌಂಟನ್ನು ಮೇಲೆತ್ತಿ ಕಚ್ಚು ಸರಿಯಾಗಿ ಕೂರುವುದಿಲ್ಲ. ತಾಗುವವರೆಗೆ ಇಳಿಸಿ, ಅಲ್ಲಿಂದ ಅರ್ಧ ಸುತ್ತು ವಾಪಸ್. ಕೂರಿಸಿದ ಮೇಲೆ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ಎತ್ತರ ಸರಿ ಬಂತಾ ನೋಡೋಣ.